ನಾಗಾವಿಯ ಸರಸ್ವತೀಭಾಂಡಾರಿಕರೂ ಹೊಸ ವಿದ್ಯಾರ್ಥಿಗಳೂ

ಕರ್ನಾಟಕದ ಶಾಸನಗಳಲ್ಲಿ ವಿದ್ಯಾಸ್ಥಾನಗಳ ಪ್ರಸ್ತಾಪವು ಹೇರಳವಾಗಿ ಬರುವದು. ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನ, ಮಠ, ಬಸದಿ ಎಂಬ ಹೆಸರುಗಳಿಂದ ಕರೆಯಲ್ಪಟ್ಟ ಈ ಸ್ಥಾನಗಳಿಗೆ ಅರಸರೂ ದಂಡನಾಯಕರೂ ಭೂಮಿಯನ್ನು ಬಿಟ್ಟ ಸಂಗತಿಯನ್ನು ಇತಿಹಾಸಕಾರರು ಬಹುಕಾಲದಿಂದ ಬರೆಯುತ್ತ ಬಂದಿರುವರು. ದಾನಿಯ ವಂಶ, ಆಚಾರ್ಯನ ಗುರುಪರಂಪರೆ, ಬಿಟ್ಟ ಮತ್ತರುಗಳ ಸಂಖ್ಯೆ ಇವೆಲ್ಲವುಗಳ ಚರ್ಚೆಯೂ ನಡೆದಿದೆ. ಆದರೆ ಆಚಾರ್ಯನು ಹೇಳಿದ ಪಾಠಕ್ಕೆ ಆಧಾರವಾದ ಗ್ರಂಥವು ಎಲ್ಲಿರುತ್ತಿತ್ತು, ಅದನ್ನು ಯಾರು ಕಾಯುತ್ತಿದ್ದರು, ದೂರದ ಊರಿನಿಂದ ಹೊಸದಾಗಿ ಬಂದ ವಿದ್ಯಾರ್ಥಿಯ ಕೈಗೆ ಅದು ಹೇಗೆ ಸೇರುತ್ತಿತ್ತು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಪ್ರಶ್ನೆಯು ಸಣ್ಣದಾಗಿ ತೋರಿದರೂ ಅದರ ಉತ್ತರದ ಮೇಲೆ ಪ್ರಾಚೀನ ವಿದ್ಯಾಭ್ಯಾಸದ ಸ್ವರೂಪವೇ ನಿಂತಿರುವದು.

ಈ ವಿಷಯದಲ್ಲಿ ಬೆಳಕು ಬೀರುವ ಮುಖ್ಯ ಆಧಾರವೆಂದರೆ ನಾಗಾವಿಯ ಶಾಸನ. ನಾಗಾವಿ ಇಂದಿನ ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಬಳಿಯಲ್ಲಿರುವ ಗ್ರಾಮ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. 1058ರಲ್ಲಿ, ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಶಾಲೆಯೊಂದನ್ನು ನೆಲೆಗೊಳಿಸಿದನು. ಈ ಶಾಸನವು 1928ರಲ್ಲಿ ಹೈದರಾಬಾದ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮಾಲೆಯಲ್ಲಿ ಪ್ರಕಟವಾಯಿತು. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಮಂದಿ ವಿದ್ಯಾರ್ಥಿಗಳು ಅಲ್ಲಿದ್ದರು. ವೇದವನ್ನು ಹೇಳಲು ಮೂವರು ಉಪಾಧ್ಯಾಯರು. ಶಾಸ್ತ್ರಕ್ಕೆ ಮೂವರು ವ್ಯಾಖ್ಯಾತೃಗಳು, ಒಬ್ಬನು ಭಾಟ್ಟದರ್ಶನಕ್ಕೆ, ಒಬ್ಬನು ನ್ಯಾಸಕ್ಕೆ, ಒಬ್ಬನು ಪ್ರಾಭಾಕರಕ್ಕೆ. ಇವರೆಲ್ಲರ ಸಾಲಿನಲ್ಲಿಯೇ ‘ಸರಸ್ವತೀಭಾಂಡಾರಿಕ’ ಎಂಬ ಅಧಿಕಾರವೂ ಹೇಳಲ್ಪಟ್ಟಿದೆ.

ಪ್ರಾಚೀನ ಭಾರತದ ಶಿಕ್ಷಣವನ್ನು ಕುರಿತು ಬರೆದ ಡಾ. ಅಲ್ಟೇಕರರು ಈ ಭಾಂಡಾರಿಕರ ಸಂಖ್ಯೆಯನ್ನು ಆರೆಂದು ಎಣಿಸಿ, ಇಷ್ಟು ಜನರು ಬೇಕಾಗಿದ್ದರೆ ಆ ಭಾಂಡಾರವು ದೊಡ್ಡದಾಗಿಯೂ ಬಹಳ ಬಳಕೆಯಲ್ಲಿಯೂ ಇದ್ದಿರಬೇಕೆಂದು ಅನುಮಾನಿಸಿರುವರು. ಆರು ಮಂದಿ ಪಾಠ ಹೇಳುವವರು, ಆರು ಮಂದಿ ಪುಸ್ತಕದವರು! ಲೆಕ್ಕವು ಮನಸ್ಸನ್ನು ಸೆಳೆಯುವಂತಿದೆ. ಆದರೆ ಎಣಿಕೆಯೊಂದರ ಮೇಲೆಯೇ ವಾದವನ್ನೆಲ್ಲ ನಿಲ್ಲಿಸುವದು ಕ್ಷೇಮವಲ್ಲ. ಭಾಂಡಾರಿಕನು ಒಬ್ಬನೇ ಆಗಿದ್ದನೆಂದು ವಾದಕ್ಕಾಗಿ ಒಪ್ಪಿಕೊಂಡರೂ, ಅವನನ್ನು ನೀರು ತರುವವನ, ಅಡಿಗೆಯವನ ಸಾಲಿನಲ್ಲಿ ಎಣಿಸದೆ ವಿದ್ಯಾವೃತ್ತಿಯವರ ಜೊತೆಗೆ ಎಣಿಸಿದ್ದುಂಟು ಎಂಬಷ್ಟರಿಂದಲೇ ಅವನ ಕೆಲಸವು ಬರಿಯ ಕಾವಲಿನದಾಗಿರಲಿಲ್ಲವೆಂದು ತಿಳಿಯಬಹುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಸರಸ್ವತೀಭಾಂಡಾರಿಕನೆಂದರೆ ಪುಸ್ತಕಗಳ ಕಾವಲುಗಾರನೇ ಹೊರತು ಮತ್ತೇನೂ ಅಲ್ಲ. ಗೆದ್ದಲು, ಇಲಿ, ಮಳೆ, ಕಳ್ಳರು ಇವರಿಂದ ಓಲೆಗಳನ್ನು ರಕ್ಷಿಸುವದು ಅವನ ಧರ್ಮ. ವಿದ್ಯಾರ್ಥಿಗೆ ದಾರಿ ತೋರಿಸುವದು ಗುರುವಿನ ಕೆಲಸ ಎಂದು ಹೇಳುವವರುಂಟು. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಲಿಪಿಕಾರರು ಪ್ರತಿಯ ಕೊನೆಗೆ ಬರೆದಿಡುತ್ತಿದ್ದ ಪ್ರಾರ್ಥನೆಗಳೇ ಅದಕ್ಕೆ ಬೆಂಬಲವಾಗಿವೆ. ನೀರಿನಿಂದ, ಎಣ್ಣೆಯಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದೂ ಮೂರ್ಖನ ಕೈಗೆ ತನ್ನನ್ನು ಕೊಡಬಾರದೆಂದೂ ಪುಸ್ತಕವೇ ಬೇಡಿಕೊಳ್ಳುವ ಆ ಪದ್ಧತಿಯನ್ನು ಹಸ್ತಪ್ರತಿಗಳನ್ನು ನೋಡಿದವರೆಲ್ಲರೂ ಬಲ್ಲರು. ಆದರೆ ಹೊಸದಾಗಿ ಬಂದ ವಟುವು ಮೂರ್ಖನೋ ಅಲ್ಲವೋ ಎಂಬುದನ್ನು ತೀರ್ಮಾನಿಸುವವರು ಯಾರು? ಅವನು ಓದುವ ಮೊದಲು ಅಜ್ಞನೇ. ಅಜ್ಞನೆಂದು ಪುಸ್ತಕವನ್ನು ಕೊಡದಿದ್ದರೆ ಅವನು ಹಾಗೆಯೇ ಉಳಿಯುವನು. ಕೊಟ್ಟರೆ ಓಲೆ ಮುರಿದೀತೆಂಬ ಭಯ. ಈ ಇಕ್ಕಟ್ಟಿನಲ್ಲಿ ನಿಂತವನೇ ಭಾಂಡಾರಿಕ.

ಕನ್ನಡದ ‘ಭಂಡಾರಿ’ ಎಂಬ ಶಬ್ದದ ಬಳಕೆಯನ್ನು ಇಲ್ಲಿ ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಅಧಿಕಾರವನ್ನು ಎಲ್ಲರೂ ಬಲ್ಲರು. ಭಂಡಾರಿಯು ಬೀಗದ ಕೈಯನ್ನು ಹಿಡಿದು ಕೂಡುವವನಷ್ಟೇ ಅಲ್ಲ. ಒಳಗಿರುವದರ ಲೆಕ್ಕವನ್ನು ಬಲ್ಲವನು, ಬೇಕಾದಾಗ ಬೇಕಾದವರಿಗೆ ಬೇಕಾದಷ್ಟನ್ನು ತೆಗೆದು ಕೊಡುವವನು. ವೆಚ್ಚವಿಲ್ಲದ ಭಂಡಾರಕ್ಕೆ ಭಂಡಾರಿಯೇಕೆ? ಒಂದು ಬೀಗ ಸಾಕು. ಧನಕ್ಕೆ ಸಲ್ಲುವ ಈ ಮಾತು ಸರಸ್ವತಿಗೆ ಇನ್ನೂ ಹೆಚ್ಚಾಗಿ ಸಲ್ಲುವದು.

ಶಬ್ದಾರ್ಥಕ್ಕಿಂತಲೂ ಬಲವಾದ ಸಾಕ್ಷ್ಯವು ತಾಳೆಯೋಲೆಯ ಪುಸ್ತಕದ ರಚನೆಯಲ್ಲಿಯೇ ಇದೆ. ಅಚ್ಚಿನ ಪುಸ್ತಕಕ್ಕೆ ಒಗ್ಗಿದ ಇಂದಿನ ವಾಚಕನು, ಬೆನ್ನಿನ ಮೇಲೆ ಹೆಸರು, ಮೊದಲ ಪುಟದಲ್ಲಿ ಕರ್ತೃ, ಮುಂದೆ ವಿಷಯಾನುಕ್ರಮ, ಕೊನೆಗೆ ಅಕಾರಾದಿ ಸೂಚಿ ಇವೆಲ್ಲವನ್ನೂ ಸಹಜವೆಂದು ತಿಳಿದಿರುವನು. ಓಲೆಯ ಕಟ್ಟಿನಲ್ಲಿ ಇವೊಂದೂ ಇರುವದಿಲ್ಲ. ಉದ್ದವಾದ ಗರಿಗಳು, ಅವುಗಳಲ್ಲಿ ತೂತು, ತೂತಿನಲ್ಲಿ ದಾರ, ಮೇಲೆ ಕೆಳಗೆ ಎರಡು ಮರದ ಹಲಗೆ. ಕಂಠದಿಂದ ಕೊರೆದ ಅಕ್ಷರಗಳು ಮಸಿಯನ್ನು ತಿಕ್ಕುವವರೆಗೆ ಕಣ್ಣಿಗೆ ಸರಿಯಾಗಿ ಬೀಳುವದಿಲ್ಲ. ಶಬ್ದಶಬ್ದಗಳ ನಡುವೆ ಎಡೆಯಿಲ್ಲ. ಗ್ರಂಥದ ಹೆಸರೂ ಕರ್ತೃವಿನ ಹೆಸರೂ ಬಹುಮಟ್ಟಿಗೆ ಅಧ್ಯಾಯದ ಇಲ್ಲವೆ ಗ್ರಂಥದ ಕೊನೆಯ ಗದ್ಯದಲ್ಲಿ ಬರುವವು. ಕೊನೆಯ ಗರಿ ಕಳೆದಿದ್ದರೆ ಅದೂ ಇಲ್ಲ. ಅಲ್ಲದೆ ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳಿರುವದು ಸಾಮಾನ್ಯ. ವ್ಯಾಕರಣದ ಕೆಳಗೆ ಸ್ತೋತ್ರ, ಸ್ತೋತ್ರದ ಕೆಳಗೆ ವೈದ್ಯ, ನಡುವೆ ಯಾರದೋ ಜಾತಕ! ಇಂಥ ನೂರಾರು ಕಟ್ಟುಗಳು ಅಟ್ಟದ ಮೇಲಿರುವಲ್ಲಿ, ಯಾವ ಕಟ್ಟಿನಲ್ಲಿ ಏನಿದೆಯೆಂಬುದು ಒಬ್ಬನ ಸ್ಮರಣೆಯಲ್ಲಿ ಇಲ್ಲದಿದ್ದರೆ ಇದ್ದ ಗ್ರಂಥವೂ ಇಲ್ಲದಂತೆಯೇ. ಅಂದಮೇಲೆ ಭಾಂಡಾರಿಕನು ತಾನೇ ನಡೆದಾಡುವ ಅನುಕ್ರಮಣಿಕೆಯಾಗಿದ್ದನು. ಅವನನ್ನು ಕೇಳದೆ ವಿದ್ಯಾರ್ಥಿಯು ಒಂದು ಗರಿಯನ್ನೂ ಕಾಣಲಾರನು.

ನಾಗಾವಿಯಲ್ಲಿ ಕಲಿಸುತ್ತಿದ್ದ ಶಾಸ್ತ್ರಗಳನ್ನೇ ತೆಗೆದುಕೊಂಡು ಇದನ್ನು ಇನ್ನಷ್ಟು ವಿಶದಪಡಿಸಬಹುದು. ‘ನ್ಯಾಸ’ವೆಂದು ಲೋಕದಲ್ಲಿ ಪ್ರಸಿದ್ಧವಾದುದು ಜಿನೇಂದ್ರಬುದ್ಧಿಯ ವ್ಯಾಖ್ಯಾನ. ಆದರೆ ಆ ಗ್ರಂಥದ ನಿಜವಾದ ಹೆಸರು ಕಾಶಿಕಾವಿವರಣಪಂಜಿಕಾ. ನ್ಯಾಸ ಬೇಕೆಂದು ಬಂದ ಹೊಸಬನು ಗ್ರಂಥಾಂತ್ಯದ ಗದ್ಯದಲ್ಲಿ ಪಂಜಿಕೆಯ ಹೆಸರನ್ನು ಕಂಡು ಕಟ್ಟನ್ನು ಮರಳಿ ಇಟ್ಟುಬಿಡುವ ಸಂಭವವುಂಟು. ಅದಿರಲಿ, ನ್ಯಾಸವು ಜಯಾದಿತ್ಯ ವಾಮನರ ಕಾಶಿಕಾವೃತ್ತಿಯ ಮೇಲಿನ ವ್ಯಾಖ್ಯೆ. ಕಾಶಿಕೆಯು ಪಾಣಿನಿಯ ಸೂತ್ರಗಳ ವೃತ್ತಿ. ಸೂತ್ರದ ಕಟ್ಟು, ವೃತ್ತಿಯ ಕಟ್ಟು, ವ್ಯಾಖ್ಯೆಯ ಕಟ್ಟು ಮೂರನ್ನೂ ಒಟ್ಟಿಗೆ ತೆರೆದು ಕುಳಿತಾಗಲೇ ಒಂದು ಪಂಕ್ತಿ ತಿಳಿಯುವದು. ಮೀಮಾಂಸೆಯಲ್ಲಿ ತೊಡಕು ಬೇರೊಂದು ಬಗೆಯದು. ಭಾಟ್ಟರೂ ಪ್ರಾಭಾಕರರೂ ಪರಸ್ಪರ ವಾದಿಗಳು. ಆದರೆ ಇಬ್ಬರಿಗೂ ಮೂಲ ಒಂದೇ, ಜೈಮಿನಿಯ ಸೂತ್ರಗಳ ಮೇಲಿನ ಶಾಬರಭಾಷ್ಯ. ಕುಮಾರಿಲನ ವಾರ್ತಿಕಗಳನ್ನು ಓದುವವನಿಗೂ ಪ್ರಭಾಕರನ ಬೃಹತಿಯನ್ನು ಓದುವವನಿಗೂ ಅದೇ ಭಾಷ್ಯ ಬೇಕು. ಇರುವ ಪ್ರತಿ ಒಂದೆರಡು. ಕೇಳುವ ವರ್ಗ ಎರಡು. ಯಾರಿಗೆ ಯಾವ ಹೊತ್ತಿನಲ್ಲಿ ಎಷ್ಟು ಗರಿ ಎಂಬುದನ್ನು ಹಂಚಿಕೊಡುವವನು ಆ ಶಾಸ್ತ್ರದ ಕ್ರಮವನ್ನು ಅರಿಯದವನಾಗಿದ್ದರೆ ಘಟಿಕೆಯಲ್ಲಿ ಶಾಸ್ತ್ರವಾದಕ್ಕಿಂತ ಪುಸ್ತಕದ ಜಗಳವೇ ಹೆಚ್ಚಾದೀತು. ಪುಸ್ತಕದ ಅವಶ್ಯಕತೆಯು ವೇದಪಾಠದಲ್ಲಿ ಇಷ್ಟಿರಲಿಲ್ಲ. ಅಲ್ಲಿ ಬಾಯಿಂದ ಬಾಯಿಗೆ ಪಾಠ. ಆದುದರಿಂದ ಭಾಂಡಾರಿಕರ ನಿತ್ಯದ ಕೆಲಸವು ಸುಮಾರು 50 ಮಂದಿ ಶಾಸ್ತ್ರವಿದ್ಯಾರ್ಥಿಗಳೊಡನೆಯೇ ನಡೆಯುತ್ತಿದ್ದಿತೆಂದು ಊಹಿಸುವದು ತಪ್ಪಾಗದು. ಹಾಗೆ ನೋಡಿದರೆ ಅವರು ಈ ಹುಡುಗರನ್ನು ಒಬ್ಬೊಬ್ಬರಾಗಿ ಬಲ್ಲವರಾಗಿದ್ದಿರಬೇಕು.

ಹೊಸ ವಿದ್ಯಾರ್ಥಿಗೆ ದಾರಿ ತೋರುವವನೊಬ್ಬನು ಬೇಕೆಂಬುದು ಇದಕ್ಕೂ ಹಿಂದಿನಿಂದ ನಮ್ಮ ನಾಡಿನವರಿಗೆ ತಿಳಿದಿದ್ದ ವಿಷಯವೇ. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನು ಅಧ್ಯಯನಕ್ಕಾಗಿ ಕಾಂಚಿಯ ಘಟಿಕೆಗೆ ಹೋದುದನ್ನು ಹೇಳುವಾಗ, ಅವನು ಗುರು ವೀರಶರ್ಮನೊಡನೆ ಹೋದನೆಂಬುದನ್ನು ಮರೆಯದೆ ಹೇಳಿರುವದು. ಕದಂಬ ವಂಶದ ಮೂಲಪುರುಷನಾಗಬೇಕಾದವನು ಕೂಡ ಪರಊರಿನ ವಿದ್ಯಾಸ್ಥಾನವನ್ನು ಒಂಟಿಯಾಗಿ ಹೊಗಲಿಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಕ್ರಿ. ಶ. 945ರ ಶಾಸನದಲ್ಲಿ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದಿದೆ. ಅವರ ವಾಸಕ್ಕೆ 27 ಮನೆಗಳು. ಆಚಾರ್ಯನಿಗೆ 50 ನಿವರ್ತನ ಭೂಮಿ. ದೀಪಕ್ಕೆಂದೇ 12 ನಿವರ್ತನ. ದೀಪಕ್ಕೆ ಇಷ್ಟು ಭೂಮಿಯನ್ನು ಬಿಟ್ಟವರು ರಾತ್ರಿಯ ಓದನ್ನು ಮನಸ್ಸಿನಲ್ಲಿಟ್ಟಿದ್ದರೆಂದು ಹೇಳಬಹುದು. ಊರಿನವರು ಮದುವೆ, ಮುಂಜಿ, ಚೌಲಗಳಲ್ಲಿ ಈ ಶಾಲೆಗೆ ಕಾಣಿಕೆ ಕೊಡಬೇಕೆಂಬ ಕಟ್ಟಳೆಯೂ ಇತ್ತು. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವಾದರೋ ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಹೆಸರನ್ನು ಉದ್ದಕ್ಕೂ ಹೇಳಿರುವದು. ಆದರೆ ಪುಸ್ತಕದ ಅಧಿಕಾರಿಯನ್ನು ನಾಗಾವಿಯಷ್ಟು ಸ್ಪಷ್ಟವಾಗಿ ಮುಂದಿಟ್ಟ ಶಾಸನ ಅಪೂರ್ವವೇ ಸರಿ.

ಈಗ ಧಾರವಾಡದ ಸೀಮೆಗೆ ಬರಬಹುದು. ನವಲಗುಂದ, ಅಣ್ಣಿಗೇರಿಗಳ ಕಪ್ಪುನೆಲವು ಪ್ರಾಚೀನ ಬೆಳ್ವೊಲ ಮುನ್ನೂರಕ್ಕೆ ಸೇರಿದ್ದಿತು. ಇಂದು ತಾಲೂಕಿನ ಕೇಂದ್ರವಾಗಿರುವ ಅಣ್ಣಿಗೇರಿಯು ಆ ನಾಡಿನ ರಾಜಧಾನಿ. ಚಾಲುಕ್ಯರ ಕೊನೆಯ ಅರಸನಾದ ನಾಲ್ವಡಿ ಸೋಮೇಶ್ವರನಿಗೂ ಅದು ನೆಲೆಯಾಯಿತು. ಪಂಪನ ತಾಯಿ ಅಬ್ಬಣಬ್ಬೆ ಇದೇ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದು ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿದುಬಂದಿದೆ. ಜೋಯಿಸನ ಮನೆಯಲ್ಲಿ ಓಲೆಯ ಕಟ್ಟುಗಳಿಲ್ಲದಿರುವದು ಹೇಗೆ? ಸಮೀಪದ ಲಕ್ಕುಂಡಿಯ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಪ್ರಸಿದ್ಧವಾಗಿದೆ. ಇದನ್ನು ದಾನದ ದೊಡ್ಡಸ್ತಿಕೆಯೆಂದಷ್ಟೇ ಎಣಿಸಿ ಬಿಡುವದು ವಾಡಿಕೆ. ಪುಸ್ತಕವನ್ನು ಓದುಗನಿರುವಲ್ಲಿಗೆ ಕಳುಹಿಸುವ ಬುದ್ಧಿಯೆಂದು ಅದನ್ನು ನೋಡಿದರೆ, ಭಾಂಡಾರಿಕನ ಧರ್ಮವನ್ನು ಆ ಸಾಧ್ವಿಯು ನಾಗಾವಿಯ ಶಾಸನಕ್ಕಿಂತ ಅರ್ಧ ಶತಮಾನ ಮೊದಲೇ ನಡೆಸಿದ್ದಳೆಂದು ಹೇಳಬೇಕಾಗುವದು.

ಆದರೆ ಇದೇ ಬೆಳ್ವೊಲಕ್ಕೆ ಆ ಕಾಲದಲ್ಲಿ ಕೇಡೂ ಒದಗಿತು. ಗಂಗ ಪೆರ್ಮಾಡಿಯ ಹೆಸರಿನಲ್ಲಿ ಅಣ್ಣಿಗೇರಿಯಲ್ಲಿ ಕಟ್ಟಲ್ಪಟ್ಟಿದ್ದ ಬಸದಿಯನ್ನೂ ಬೆಳ್ವೊಲದ ಇತರ ಬಸದಿಗಳನ್ನೂ ಚೋಳನು ಸುಟ್ಟನೆಂದೂ, ಮುಂದೆ ಮಹಾಮಂಡಲೇಶ್ವರ ಲಕ್ಷ್ಮನು ಅದನ್ನು ಉದ್ಧರಿಸಿದನೆಂದೂ 1071ರ ಗಾವರವಾಡದ ಶಾಸನವು ಹೇಳುವದು. ಪುಸ್ತಕಗಳ ಮಾತು ಅದರಲ್ಲಿಲ್ಲ. ಬೆಂಕಿಯ ಮುಂದೆ ಕಲ್ಲಿನ ಕಂಬವೇ ಸಿಡಿಯುವಾಗ ಓಲೆಗಳ ಗತಿಯನ್ನು ಶಾಸನವು ಹೇಳಬೇಕಾಗಿಯೂ ಇರಲಿಲ್ಲ.

ಇಂಥ ಭಯಗಳೇ ಭಾಂಡಾರಿಕನ ಎರಡು ಧರ್ಮಗಳಲ್ಲಿ ಒಂದನ್ನು ಬೆಳೆಸಿ ಇನ್ನೊಂದನ್ನು ಒಣಗಿಸಿದವೆಂದು ತೋರುತ್ತದೆ. ಕೊಡುವದಕ್ಕಿಂತ ಮುಚ್ಚಿಡುವದೇ ಮೇಲೆಂಬ ಬುದ್ಧಿ ಬಲಿಯಿತು. ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಳಾ, ಜಯಧವಳಾದಿ ಗ್ರಂಥಗಳ ಕಥೆ ಇದಕ್ಕೆ ಸಾಕ್ಷಿ. ಷಟ್ಖಂಡಾಗಮದ ವ್ಯಾಖ್ಯಾನವು ಉಳಿದುದು ಅಲ್ಲಿಯ ಹಳಗನ್ನಡ ಲಿಪಿಯ ತಾಡವೋಲೆಗಳಿಂದಲೇ. ಈ ಉಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಶತಮಾನಗಳ ಕಾಲ ಅವು ದರ್ಶನಕ್ಕೆ ಇದ್ದವೇ ಹೊರತು ಓದಿಗೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸವು ಆರಂಭವಾಗಿ, ಧವಳಾದ ಮೊದಲ ಸಂಪುಟವು ಅಚ್ಚಾಗಿ ಹೊರಬರುವ ಹೊತ್ತಿಗೆ 1939 ಆಯಿತು. ಕಾಪಾಡಿದ ಕೈಯೇ ತಡೆದ ಕೈಯೂ ಆದುದನ್ನು ಇಲ್ಲಿ ಕಾಣಬಹುದು.

ಇನ್ನೊಂದು ಮಾತನ್ನು ಮರೆಸಿದರೆ ಇತಿಹಾಸಕ್ಕೆ ಅಪಚಾರವಾದೀತು. ನಾಗಾವಿಯ ಭಾಂಡಾರಿಕನು ಎಷ್ಟೇ ಉದಾರಿಯಾಗಿದ್ದರೂ ಅವನೆದುರಿಗೆ ಬಂದು ನಿಲ್ಲುವ ಹಕ್ಕು ಬ್ರಾಹ್ಮಣ ವಟುವಿಗೆ ಮಾತ್ರ ಇದ್ದಿತು. ಬೆಳ್ವೊಲದ ಒಕ್ಕಲಮಗನು ಘಟಿಕೆಗೆ ಬಿಟ್ಟ ಭೂಮಿಯನ್ನು ಉತ್ತು ಬೆಳೆದು ಕೊಟ್ಟನು. ಅವನ ಮಕ್ಕಳು ಆ ಭಾಂಡಾರದ ಹೊಸ್ತಿಲನ್ನು ಕಾಣಲಿಲ್ಲ. ಸಂಸ್ಕೃತ ಪಾಠಶಾಲೆಗಳ ಅಭಿಮಾನಿಗಳು ಇದನ್ನು ಹೇಳಲು ಹಿಂಜರಿಯುವದುಂಟು, ಹಿಂಜರಿಯಲು ಕಾರಣವಿಲ್ಲ. ಜೈನಬಸದಿಗಳ ಶಾಸ್ತ್ರದಾನವೂ ಮುಂದೆ ವೀರಶೈವ ಮಠಗಳ ವಚನಗ್ರಂಥಗಳ ಕಟ್ಟುಗಳೂ ಈ ಕಟ್ಟನ್ನು ಸ್ವಲ್ಪಮಟ್ಟಿಗೆ ಸಡಿಲಿಸಿದವು.

ಆಧುನಿಕ ಕಾಲದಲ್ಲಿ ಭಾಂಡಾರಿಕನ ಮರೆತುಹೋದ ಧರ್ಮವು ಮತ್ತೆ ತಲೆಯೆತ್ತಿದ ಒಂದೆರಡು ಸಂದರ್ಭಗಳನ್ನು ಹೇಳಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯು 1891ರಲ್ಲಿ ಸ್ಥಾಪಿತವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಕಟ್ಟೊಂದನ್ನು ಅಲ್ಲಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಕಾವಲುಗಾರನಿಗೆ ಅದು ಮತ್ತೊಂದು ಕಟ್ಟು; ಬಲ್ಲವನಿಗೆ ಹೆಸರಷ್ಟೇ ಉಳಿದಿದ್ದ ಮಹಾಗ್ರಂಥ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ 1924ರಲ್ಲಿ ಕೆಲಸಕ್ಕೆ ಸೇರಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರು ಈ ಧರ್ಮವನ್ನು ಶಾಸ್ತ್ರವನ್ನಾಗಿಯೇ ಮಾಡಿದರು. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರನ್ನು ಗ್ರಂಥಾಲಯಕ್ಕೆ ಪರಿಚಯಿಸುವದನ್ನು ಅವರು ಬೇರೆಯೇ ಒಂದು ಕರ್ತವ್ಯವಾಗಿ ಎಣಿಸಿ, ಅದಕ್ಕೆ ದೀಕ್ಷೆಯೆಂಬ ಅರ್ಥದ ಹೆಸರನ್ನಿಟ್ಟರು. ಉಪನಯನದ ನಾಡಿನವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದವು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. ಅದರ ಗ್ರಂಥಾಲಯಕ್ಕೆ ವಚನಸಾಹಿತ್ಯದ ವಿದ್ವಾಂಸರಾದ ಪ್ರೊ. ಶಿ. ಶಿ. ಬಸವನಾಳರ ಹೆಸರನ್ನಿಟ್ಟಿರುವದು ಉಚಿತವಾಗಿದೆ. ಒಂಬತ್ತು ಶತಮಾನಗಳ ಹಿಂದೆ ಹೊಸ್ತಿಲಿನ ಹೊರಗಿದ್ದ ಒಕ್ಕಲಮಕ್ಕಳು ಈಗ ನವಲಗುಂದದಿಂದಲೂ ಕುಂದಗೋಳದಿಂದಲೂ ಕಲಘಟಗಿಯಿಂದಲೂ ಬಸ್ಸು ಹಿಡಿದು ಒಳಗೇ ಬರುವರು. ಅವರಲ್ಲಿ ಹಲವರಿಗೆ ಮನೆತನದಲ್ಲಿ ಕಾಲೇಜನ್ನು ಕಂಡವರು ತಾವೇ ಮೊದಲು. ಊರಿನ ಪಂಚಾಯತಿಯ ಗ್ರಂಥಾಲಯದಲ್ಲಿ ಒಂದೆರಡು ಕಪಾಟುಗಳನ್ನು ಕಂಡವರಿಗೆ ಇಲ್ಲಿಯ ಸಾಲುಸಾಲು ಕಪಾಟುಗಳು ಮೊದಲ ದಿನ ಅಡವಿಯಂತೆಯೇ ತೋರುವವು. ಬಾಗಿಲು ತೆರೆದಿದೆ, ಅಡವಿಯಲ್ಲಿ ದಾರಿ ಇನ್ನೂ ಒಬ್ಬನು ತೋರಿಸಬೇಕು.

ತನ್ನ ಊರಿನ ಇತಿಹಾಸವನ್ನು ಬರೆಯಬೇಕೆಂದು ಬಂದ ಅಣ್ಣಿಗೇರಿಯ ವಿದ್ಯಾರ್ಥಿಯೊಬ್ಬನು ಎದುರಿಸುವ ತೊಡಕನ್ನು ಎಣಿಸಿ ನೋಡಬೇಕು. ಅವನ ಊರಿನ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಎಂಬ ಮಾಲೆಯ ಸಂಪುಟಗಳಲ್ಲಿ ಮುಂಬಯಿ ಕರ್ನಾಟಕದ ಶಾಸನಗಳೆಂಬ ಹೆಸರಿನಿಂದ ಅಚ್ಚಾಗಿವೆ. ಜೋಡಣೆಯು ಊರುಗಳ ಕ್ರಮದಿಂದಲ್ಲ, ಅರಸುಮನೆತನಗಳ ಕ್ರಮದಿಂದ. ಅಣ್ಣಿಗೇರಿಯ ಪೆರ್ಮಾಡಿ ಬಸದಿಯು ಸುಟ್ಟ ಸಂಗತಿಯಿರುವ ಶಿಲೆ ಗಾವರವಾಡದ್ದು. ಅದರ ಪಾಠವಿರುವದು ‘ಎಪಿಗ್ರಾಫಿಯಾ ಇಂಡಿಕಾ’ದ ಹದಿನೈದನೆಯ ಸಂಪುಟದಲ್ಲಿ, ವಿವರಣೆ ಇಂಗ್ಲಿಷಿನಲ್ಲಿ. ಗದಗ ಜಿಲ್ಲೆಯು 1997ರಲ್ಲಿ ಬೇರೆಯಾದುದರಿಂದ, ಹಳೆಯ ಪುಸ್ತಕಗಳಲ್ಲಿ ಧಾರವಾಡ ಜಿಲ್ಲೆಯದೆಂದು ಬರೆದಿರುವ ಗಾವರವಾಡವನ್ನೂ ಲಕ್ಕುಂಡಿಯನ್ನೂ ಹೊಸ ಪುಸ್ತಕಗಳ ಧಾರವಾಡದಲ್ಲಿ ಹುಡುಕಿದರೆ ಅವು ದೊರೆಯವು. ಅಣ್ಣಿಗೇರಿಯ ಮಗಳ ಮಗನಾದ ಮಹಾಕವಿಯ ವಂಶದ ಸಂಗತಿಯನ್ನು ಹುಡುಕಬೇಕಾದುದು ತೆಲಂಗಾಣದ ಬಂಡೆಯೊಂದರ ಹೆಸರಿನ ಕೆಳಗೆ. ಕುಂದಗೋಳದಿಂದ ಬಂದವನ ಕಷ್ಟ ಬೇರೆ. ಅವನ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಬ್ರಿಟಿಷರ ಆಡಳಿತದ ಧಾರವಾಡ ಜಿಲ್ಲೆಯನ್ನು ಕುರಿತು 1884ರಲ್ಲಿ ಹೊರಬಂದ ಗ್ಯಾಝೆಟಿಯರನ್ನು ತಿರುವಿಹಾಕಿ ನಿರಾಶನಾದವನಿಗೆ, ಸಂಸ್ಥಾನಗಳ ಕಾಗದಗಳನ್ನು ನೋಡೆಂದು ಯಾರಾದರೂ ಹೇಳಬೇಕು. ಕಲಘಟಗಿಯ ಕಡೆಯವನು ಬೆಳ್ವೊಲವನ್ನು ಬಿಟ್ಟು ಹಲಸಿಗೆ ಹನ್ನೆರಡು ಸಾಸಿರದ ಹೆಸರಿನಲ್ಲಿ, ಗೋವೆಯ ಕದಂಬರ ಶಾಸನಗಳಲ್ಲಿ ಹುಡುಕಬೇಕು. ಇವೊಂದೂ ಗ್ರಂಥಸೂಚಿಯಲ್ಲಿ ಊರಿನ ಹೆಸರನ್ನು ನೋಡಿದ ಮಾತ್ರಕ್ಕೆ ಹೊಳೆಯುವವಲ್ಲ. ಕಪಾಟುಗಳ ನಡುವೆ ವರ್ಷಗಳನ್ನು ಕಳೆದ ಒಬ್ಬ ಭಾಂಡಾರಿಕನು ಹುಡುಗನ ಊರಿನ ಹೆಸರನ್ನು ಕೇಳಿದ ಕೂಡಲೆ ಎದ್ದು ಹೋಗಿ ಹದಿನೈದನೆಯ ಸಂಪುಟವನ್ನು ತೆಗೆದು, ಗಾವರವಾಡದ ಪುಟವನ್ನು ತೆರೆದು ಅವನ ಮುಂದೆ ಇಡುವನು.